ಸ್ಟ್ರೀಮ್‌ಸ್ಟ್ಯಾಟ್ಸ್: ಅಳತೆಗೋಲಿಲ್ಲದ ಹೊಳೆಯ ಕನಿಷ್ಠ ಹರಿವಿಗೆ ಅದರ ಉತ್ತರವನ್ನು ಎಷ್ಟು ನಂಬಬಹುದು?

ಅಮೆರಿಕದ ಜಿಯಾಲಾಜಿಕಲ್ ಸರ್ವೆ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಉಚಿತವಾಗಿ ಒದಗಿಸುತ್ತಿರುವ ಸ್ಟ್ರೀಮ್‌ಸ್ಟ್ಯಾಟ್ಸ್ ಎಂಬ ಅಂತರ್ಜಾಲ ಸೇವೆಯನ್ನು ಎಂಜಿನಿಯರುಗಳು ಹೆಚ್ಚಾಗಿ ತೆರೆಯುವುದು ಪ್ರವಾಹದ ಲೆಕ್ಕಕ್ಕಾಗಿ: ಸೇತುವೆಯ ಎತ್ತರ ಎಷ್ಟಿರಬೇಕು, ರಸ್ತೆಯಡಿಯ ಕೊಳವೆ ಎಷ್ಟು ಅಗಲವಿರಬೇಕು ಎಂಬಂಥ ಪ್ರಶ್ನೆಗಳಿಗಾಗಿ. ಅದೇ ಸೇವೆಯಲ್ಲಿ ತದ್ವಿರುದ್ಧವಾದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಮಾಪನ ಕೇಂದ್ರವೇ ಇಲ್ಲದ ಒಂದು ಹೊಳೆಯಲ್ಲಿ, ಮಳೆ ನಿಂತು ವಾರಗಳು ಕಳೆದ ಮೇಲೆ, ತೀರಾ ಒಣ ವರ್ಷವೊಂದರಲ್ಲಿ, ನೀರು ಎಷ್ಟಕ್ಕೆ ಇಳಿಯಬಹುದು? ಈ ವಿಮರ್ಶೆ ಆ ಎರಡನೆಯ ಪ್ರಶ್ನೆಗೆ ಮಾತ್ರ ಸಂಬಂಧಿಸಿದ್ದು. ಪ್ರವಾಹದ ಲೆಕ್ಕದಲ್ಲಿ ಈ ಸೇವೆ ಗಳಿಸಿರುವ ಹೆಸರನ್ನು ಕನಿಷ್ಠ ಹರಿವಿನ ಲೆಕ್ಕಕ್ಕೂ ಹಾಗೆಯೇ ವರ್ಗಾಯಿಸಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಈ ಸೇವೆಯನ್ನು ತಳ್ಳಿಹಾಕುವುದೂ ಸರಿಯಲ್ಲ. ಎಲ್ಲಿ ನಂಬಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅದರ ವರದಿಯೇ ಹೇಳುತ್ತದೆ. ಆದರೆ ಹೇಳುವ ಜಾಗ ಎರಡನೆಯ ಪುಟದ ಸಣ್ಣ ಕೋಷ್ಟಕ.

ಇಂಥದೊಂದು ಸೇವೆ ಏಕೆ ಬೇಕಾಯಿತು ಎಂಬುದು ಸ್ಪಷ್ಟ. ಯುಎಸ್‌ಜಿಎಸ್ ತನ್ನ ಮೊದಲ ನದಿ ಮಾಪನ ಕೇಂದ್ರವನ್ನು ಸ್ಥಾಪಿಸಿದ್ದು 1889ರಲ್ಲಿ, ನ್ಯೂ ಮೆಕ್ಸಿಕೋದ ಎಂಬುಡೊ ಎಂಬಲ್ಲಿ, ರಿಯೋ ಗ್ರಾಂಡೆ ನದಿಯ ಮೇಲೆ. ಇಂದು ಅಂಥ ಕೇಂದ್ರಗಳು ಹತ್ತು ಸಾವಿರಕ್ಕೂ ಹೆಚ್ಚಿವೆ. ಆದರೂ ದೇಶದ ಹೊಳೆ, ತೊರೆ, ಹಳ್ಳಗಳ ಲೆಕ್ಕದ ಮುಂದೆ ಇದು ಏನೂ ಅಲ್ಲ. ಕೇಂದ್ರಗಳಿರುವುದು ಹೆಚ್ಚಾಗಿ ದೊಡ್ಡ ನದಿಗಳ ಮೇಲೆ. ಪರವಾನಗಿಯ ಪ್ರಶ್ನೆಗಳು ಹುಟ್ಟುವುದು ಬಹುಪಾಲು ಸಣ್ಣ ಹೊಳೆಗಳ ಬಳಿ. ಕೊಳಚೆ ನೀರು ಶುದ್ಧೀಕರಣ ಘಟಕ, ಊರಿನ ಬಾವಿ, ಮೀನು ಸಾಕಣೆ ಕೇಂದ್ರ, ಗಾಲ್ಫ್ ಮೈದಾನಕ್ಕೆ ನೀರೆತ್ತುವ ಪಂಪು, ಇವುಗಳಲ್ಲಿ ಯಾವುದೂ ಮಾಪನ ಕೇಂದ್ರದ ಪಕ್ಕವನ್ನೇ ಹುಡುಕಿಕೊಂಡು ಬರುವುದಿಲ್ಲ.

ಬಳಸುವ ಕ್ರಮ ಸರಳ. ರಾಜ್ಯವನ್ನು ಆರಿಸಿ, ನಕ್ಷೆಯನ್ನು ಹಿಗ್ಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳೆಗಳ ದಾರಿ ಸಣ್ಣ ನೀಲಿ ಚೌಕಗಳ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದರ ಮೇಲೆ ಒತ್ತಿದರೆ, ಆ ಬಿಂದುವಿಗೆ ನೀರು ಹರಿದುಬರುವ ಇಡೀ ಜಲಾನಯನ ಪ್ರದೇಶದ ಗಡಿಯನ್ನು ಸೇವೆಯೇ ಎಳೆದು ತೋರಿಸುತ್ತದೆ. ಬೇಕಾದ ಲೆಕ್ಕಗಳನ್ನು ಗುರುತು ಮಾಡಿದರೆ ವರದಿ ಸಿದ್ಧ. ಹಿಂದೆ ಕಾಗದದ ನಕ್ಷೆಯ ಮೇಲೆ ಸಮೋನ್ನತಿ ರೇಖೆಗಳನ್ನು ಬೆರಳಿನಿಂದ ಹಿಂಬಾಲಿಸುತ್ತ, ಪ್ಲಾನಿಮೀಟರ್ ಎಳೆದು ವಿಸ್ತೀರ್ಣ ತೆಗೆಯುತ್ತಿದ್ದ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಮತ್ತು ಆ ಗಡಿಯನ್ನು ಭೂಪಟದ ಕಡತವಾಗಿ ಇಳಿಸಿಕೊಳ್ಳಲೂಬಹುದು. ಇಷ್ಟಕ್ಕೇ ಬಳಸಿದರೂ ಈ ಸೇವೆ ಸಾರ್ಥಕ. ಒಂದೇ ಎಚ್ಚರಿಕೆ: ನೀಲಿ ಚೌಕದ ಪಕ್ಕದ ದಡದ ಮೇಲೆ ಒತ್ತಿದರೆ ಹೊಳೆಯ ಬದಲು ಬದಿಯ ಇಳಿಜಾರೊಂದರ ಚೂರು ಮಾತ್ರ ಬರುತ್ತದೆ. ನಾನೂ ಒಮ್ಮೆ ಆ ಚೂರನ್ನೇ ಜಲಾನಯನವೆಂದು ನಂಬಿ ಅರ್ಧ ದಿನ ಕಳೆದಿದ್ದೇನೆ; ತಪ್ಪು ನನ್ನ ಬೆರಳಿನದು, ಸೇವೆಯದಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಕನಿಷ್ಠ ಹರಿವು ಎಂದರೆ ಸಾಮಾನ್ಯವಾಗಿ 7ಕ್ಯೂ10 ಎಂದು ಕರೆಯುವ ಅಂಕಿ. ವರ್ಷದ ಯಾವುದೇ ಏಳು ದಿನಗಳ ಸತತ ಸರಾಸರಿಗಳಲ್ಲಿ ಅತಿ ಕಡಿಮೆಯದನ್ನು ತೆಗೆದು, ಅಂಥ ಹಲವು ವರ್ಷಗಳ ಅಂಕಿಗಳನ್ನು ಸಂಭವನೀಯತೆಯ ವಕ್ರರೇಖೆಗೆ, ಹೆಚ್ಚಾಗಿ ಲಾಗ್ ಪಿಯರ್ಸನ್ ಮೂರನೆಯ ಬಗೆಯದಕ್ಕೆ, ಹೊಂದಿಸಿದಾಗ ಯಾವ ಮಟ್ಟಕ್ಕಿಂತ ಕೆಳಗಿಳಿಯುವ ಸಾಧ್ಯತೆ ಯಾವುದೇ ವರ್ಷದಲ್ಲಿ ಹತ್ತರಲ್ಲಿ ಒಂದೋ ಅದೇ 7ಕ್ಯೂ10. ಇದನ್ನು ಹತ್ತು ವರ್ಷಕ್ಕೊಮ್ಮೆ ತಪ್ಪದೆ ಬರುವ ಬರ ಎಂದು ಓದುವವರಿದ್ದಾರೆ. ಹಾಗಲ್ಲ, ಸತತ ಎರಡು ವರ್ಷ ಬಂದರೂ ಗಣಿತಕ್ಕೆ ಅದರಲ್ಲಿ ಅಚ್ಚರಿಯಿಲ್ಲ. ಇಲ್ಲಿ ಲೆಕ್ಕದ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಹಿಡಿಯುತ್ತಾರೆ. ಬೇಸಿಗೆಯ ಕೊನೆ ಮತ್ತು ಶರತ್ಕಾಲದ ಒಣ ಅವಧಿ ಎರಡು ವರ್ಷಗಳ ನಡುವೆ ಹರಿದು ಹೋಗಬಾರದೆಂಬುದು ಇದರ ಹಿಂದಿನ ಉದ್ದೇಶ. 1972ರ ಶುದ್ಧ ನೀರು ಕಾಯಿದೆಯ ಅಡಿಯಲ್ಲಿ ನದಿಗೆ ತ್ಯಾಜ್ಯ ನೀರು ಬಿಡುವವರಿಗೆ ಪರವಾನಗಿ ಕೊಡುವಾಗ, ದೀರ್ಘಕಾಲದ ವಿಷಪರಿಣಾಮದ ಮಿತಿಗಳನ್ನು ಸಾಮಾನ್ಯವಾಗಿ ಇದೇ 7ಕ್ಯೂ10 ಹರಿವನ್ನು ಆಧಾರವಾಗಿಟ್ಟುಕೊಂಡು ನಿಗದಿ ಮಾಡುತ್ತಾರೆ. ಆದ್ದರಿಂದ ಈ ಅಂಕಿಗೆ ನೇರವಾಗಿ ಹಣದ ಬೆಲೆಯಿದೆ.

ದಾಖಲೆಯೇ ಇಲ್ಲದ ಹೊಳೆಗೆ ಈ ಅಂಕಿ ಎಲ್ಲಿಂದ ಬಂತು? ಸ್ಟ್ರೀಮ್‌ಸ್ಟ್ಯಾಟ್ಸ್ ತಾನಾಗಿ ಏನನ್ನೂ ಊಹಿಸುವುದಿಲ್ಲ. ಆಯಾ ರಾಜ್ಯಕ್ಕಾಗಿ ಯುಎಸ್‌ಜಿಎಸ್ ತಜ್ಞರು ಪ್ರಕಟಿಸಿದ ರಿಗ್ರೆಷನ್ ಸಮೀಕರಣಗಳಿಗೆ, ಅಂದರೆ ಅಳತೆಯಿರುವ ಹೊಳೆಗಳ ಹರಿವಿಗೂ ಅವುಗಳ ಜಲಾನಯನದ ಗುಣಗಳಿಗೂ ಇರುವ ಸಂಬಂಧದಿಂದ ಕಟ್ಟಿದ ಸೂತ್ರಗಳಿಗೆ, ನಿಮ್ಮ ಜಲಾನಯನದ ಗುಣಗಳನ್ನು ತುಂಬಿ ಉತ್ತರ ತೆಗೆಯುತ್ತದೆ. ಈ ಸೇವೆ ಮೊದಲು ರೂಪುಗೊಂಡ ಮ್ಯಾಸಚೂಸೆಟ್ಸ್ ರಾಜ್ಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದು ಉಚಿತ. ಅಲ್ಲಿ 2000ದಲ್ಲಿ ಪ್ರಕಟವಾದ ಸಮೀಕರಣಗಳು ನಾಲ್ಕು ಸಂಗತಿಗಳನ್ನು ಕೇಳುತ್ತವೆ: ಜಲಾನಯನದ ವಿಸ್ತೀರ್ಣ, ಅದರ ಸರಾಸರಿ ಇಳಿಜಾರು, ಹೊಳೆಗಳ ಒಟ್ಟು ಉದ್ದದ ಪ್ರತಿ ಮೈಲಿಗೆ ಎಷ್ಟು ಚದರ ಮೈಲಿ ಮರಳು-ಜಲ್ಲಿಯ ಪದರವಿದೆ ಎಂಬುದು, ಮತ್ತು ಜಾಗ ರಾಜ್ಯದ ಪೂರ್ವಭಾಗದಲ್ಲಿದೆಯೋ ಪಶ್ಚಿಮಭಾಗದಲ್ಲಿದೆಯೋ ಎಂಬ ಸೊನ್ನೆ ಅಥವಾ ಒಂದು.

ಇವುಗಳಲ್ಲಿ ಮೂರನೆಯದನ್ನು ಕಂಡರೆ ನನಗೆ ಗೌರವ. ಪ್ರವಾಹವನ್ನು ನಿರ್ಧರಿಸುವುದು ಬಿದ್ದ ಮಳೆ ಮತ್ತು ನೆಲದ ಮೇಲಿನ ಓಟ. ಕನಿಷ್ಠ ಹರಿವನ್ನು ನಿರ್ಧರಿಸುವುದು ನೆಲದ ಕೆಳಗಿನ ಉಗ್ರಾಣ. ಮಳೆಯಿಲ್ಲದ ಆಗಸ್ಟ್ ಕೊನೆಯಲ್ಲಿ ಹೊಳೆಯಲ್ಲಿ ಹರಿಯುವುದೆಲ್ಲ ಒರತೆಯ ನೀರು, ತಿಂಗಳುಗಳ ಹಿಂದೆ ಇಂಗಿದ ಮಳೆ ಮತ್ತು ಹಿಮ. ಮ್ಯಾಸಚೂಸೆಟ್ಸ್ ಸೇರಿರುವ ನ್ಯೂ ಇಂಗ್ಲೆಂಡ್ ಪ್ರಾಂತದ ನೆಲದ ಮೇಲಿಂದ ಹಿಮಯುಗದ ಹಿಮರಾಶಿ ಕರಗಿ ಹಿಂದೆ ಸರಿದಾಗ, ಕರಗಿದ ನೀರು ಕಣಿವೆಗಳಲ್ಲಿ ಮರಳು ಮತ್ತು ಜಲ್ಲಿಯನ್ನು ಪದರ ಪದರವಾಗಿ ಹಾಸಿಹೋಯಿತು. ಗುಡ್ಡಗಳ ಮೇಲೆ ಉಳಿದದ್ದು ಜೇಡಿ, ಕಲ್ಲು, ಮರಳು ಎಲ್ಲ ಕಲಸಿದ ಗಟ್ಟಿ ಮಣ್ಣು. ಮೊದಲನೆಯದು ನೀರನ್ನು ಹೀರಿಟ್ಟುಕೊಂಡು ಬೇಸಿಗೆಯುದ್ದಕ್ಕೂ ನಿಧಾನವಾಗಿ ಬಿಡುತ್ತದೆ; ಎರಡನೆಯದು ಹಿಡಿದಿಡುವುದೂ ಕಡಿಮೆ, ಬಿಡುವುದೂ ಕಡಿಮೆ. ಆದ್ದರಿಂದ ಒಂದೇ ವಿಸ್ತೀರ್ಣದ, ಒಂದೇ ಮಳೆ ಬೀಳುವ, ಅಕ್ಕಪಕ್ಕದ ಎರಡು ಹೊಳೆಗಳಲ್ಲಿ ಒಂದು ಸೆಪ್ಟೆಂಬರಿನಲ್ಲಿ ಮೊಣಕಾಲುದ್ದ ತಣ್ಣನೆಯ ನೀರಿನಿಂದ ತುಂಬಿದ್ದರೆ ಇನ್ನೊಂದು ಕಲ್ಲುಗಳ ನಡುವಿನ ತೇವವಾಗಿ ಉಳಿದಿರಬಹುದು. ವಿಸ್ತೀರ್ಣವನ್ನು ಮಾತ್ರ ನೋಡಿ ಲೆಕ್ಕ ಹಾಕುವವರಿಗೆ ಈ ಎರಡೂ ಒಂದೇ. ಮ್ಯಾಸಚೂಸೆಟ್ಸ್ ಸಮೀಕರಣ ಅವನ್ನು ಬೇರ್ಪಡಿಸುತ್ತದೆ. ಮರಳು-ಜಲ್ಲಿ ಒಂದಿಷ್ಟೂ ಇಲ್ಲದ ಜಲಾನಯನದಲ್ಲಿ ಸೊನ್ನೆಯ ಲಾಗರಿದಮ್ (ಅಂಥದೊಂದು ಇಲ್ಲ) ತೆಗೆಯಬೇಕಾಗಿ ಬರುತ್ತದೆಂದು ಆ ಅಂಕಿಗೆ 0.1 ಕೂಡಿಸಿಕೊಂಡಿದ್ದಾರೆ, ಇಂಥ ಸಣ್ಣ ತೇಪೆಗಳು ಅನೇಕ ಸಮೀಕರಣಗಳಲ್ಲಿ ಇರುತ್ತವೆ, ಮತ್ತು ಅವು ಇವೆ ಎಂದು ತಿಳಿದಿರುವುದು ಒಳ್ಳೆಯದು.

ಇಷ್ಟಾದರೂ ನಿಖರತೆ ಎಷ್ಟು? ಇಲ್ಲಿ ಸ್ಟ್ರೀಮ್‌ಸ್ಟ್ಯಾಟ್ಸ್ ಪ್ರಾಮಾಣಿಕವಾಗಿದೆ. ಮ್ಯಾಸಚೂಸೆಟ್ಸ್ ವರದಿಯಲ್ಲಿ ಪ್ರತಿ ಅಂದಾಜಿನ ಪಕ್ಕದಲ್ಲಿ ಶೇ 90ರ ಕೆಳಮಿತಿ, ಮೇಲ್ಮಿತಿ ಮತ್ತು ಪ್ರಮಾಣಿತ ದೋಷ (ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪಬಹುದೆಂಬ ಅಳತೆ) ಮುದ್ರಿತವಾಗಿರುತ್ತವೆ. ಎರಡು ವರ್ಷಕ್ಕೊಮ್ಮೆಯ ಏಳು ದಿನದ ಕನಿಷ್ಠ ಹರಿವಿಗೆ ಆ ದೋಷ ಸುಮಾರು ಶೇ 50. 7ಕ್ಯೂ10ಕ್ಕೆ ಅದು ಸುಮಾರು ಶೇ 71. ಆಗಸ್ಟ್ ತಿಂಗಳ ಮಧ್ಯಮ ಹರಿವಿಗಾದರೆ ಸುಮಾರು ಶೇ 33. ನೀರು ಇಳಿದಷ್ಟೂ ಅಂದಾಜು ಸಡಿಲವಾಗುತ್ತ ಹೋಗುತ್ತದೆ. ಲಾಗರಿದಮ್‌ನಲ್ಲಿ ಕಟ್ಟಿದ ಸಮೀಕರಣವಾದ್ದರಿಂದ ಶೇ 71 ಎಂಬುದನ್ನು ಹೆಚ್ಚು-ಕಡಿಮೆ ಶೇ 71 ಎಂದು ಓದಬಾರದು, ಪಟ್ಟಿನಲ್ಲಿ ಓದಬೇಕು: ಹತ್ತರಲ್ಲಿ ಒಂಬತ್ತು ಸಲ ನಿಜವಾದ ಅಂಕಿ ಅಂದಾಜಿನ ಸುಮಾರು ಮೂರನೇ ಒಂದು ಭಾಗದಿಂದ ಮೂರು ಪಟ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಉಳಿದ ಒಂದು ಸಲ ಅದಕ್ಕೂ ಆಚೆ.

ಇದರ ಅರ್ಥವನ್ನು ಒಂದು ಕಲ್ಪಿತ ಘಟಕದ ಮೇಲಿಟ್ಟು ನೋಡಬಹುದು. ದಿನಕ್ಕೆ ಐದು ಲಕ್ಷ ಗ್ಯಾಲನ್ ಶುದ್ಧೀಕರಿಸಿದ ನೀರನ್ನು ಹೊಳೆಗೆ ಬಿಡುವ ಘಟಕವಿದೆ ಎನ್ನಿ. ಅದು ಸುಮಾರು 0.77 ಕ್ಯೂಸೆಕ್. ಹೊಳೆಯ 7ಕ್ಯೂ10 2 ಕ್ಯೂಸೆಕ್ ಎಂದು ಸೇವೆ ಹೇಳಿತೆನ್ನಿ. ಆಗ ಬಿಟ್ಟ ನೀರು ಹೊಳೆಯಲ್ಲಿ ಬೆರೆತು ಸುಮಾರು ಮೂರೂವರೆ ಪಟ್ಟು ತೆಳುವಾಗುತ್ತದೆ, ತಾಮ್ರಕ್ಕೋ ಅಮೋನಿಯಾಕ್ಕೋ ಮಿತಿ ಅದಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ನಿಜವಾದ ಅಂಕಿ ಕೆಳಮಿತಿಯ ಹತ್ತಿರ, 0.7 ಕ್ಯೂಸೆಕ್ ಇದ್ದರೆ ತೆಳುವಾಗುವುದು ಎರಡು ಪಟ್ಟಿಗಿಂತಲೂ ಕಡಿಮೆ. ಮೇಲ್ಮಿತಿಯ ಹತ್ತಿರವಿದ್ದರೆ ಎಂಟು ಪಟ್ಟಿಗೂ ಹೆಚ್ಚು. ಮೊದಲನೆಯ ಸಂದರ್ಭದಲ್ಲಿ ಹೊಳೆಯ ಮೀನುಗಳು ಸಾಯುತ್ತವೆ, ಎರಡನೆಯದರಲ್ಲಿ ಊರಿನವರು ಬೇಡದ ಯಂತ್ರಕ್ಕೆ ತೆರಿಗೆ ಕಟ್ಟುತ್ತಾರೆ. ವರದಿಯ ಮೊದಲ ಸಾಲಿನಲ್ಲಿ ಮೂರು ಅಂಕಿಗಳ ನಿಖರತೆಯಲ್ಲಿ ಮುದ್ರಿತವಾದ ಸಂಖ್ಯೆಯನ್ನಷ್ಟೇ ಎತ್ತಿಕೊಂಡು ಹೋಗುವವರಿಗೆ ಈ ಎರಡೂ ದಾರಿಗಳು ಕಾಣುವುದಿಲ್ಲ. ಶೇ 71 ದೋಷವಿರುವ ಅಂದಾಜನ್ನು ಹೀಗೆ ಮೂರು ಅಂಕಿಗಳ ನಿಖರತೆಯಲ್ಲಿ ಮುದ್ರಿಸುವುದು ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಅಲಂಕಾರದೋಷ. ಮಿತಿಗಳನ್ನು ಮೊದಲು, ನಡುವಿನ ಅಂಕಿಯನ್ನು ಆಮೇಲೆ ತೋರಿಸಿದ್ದರೆ ಅರ್ಧ ತಪ್ಪುಗಳು ತಾವಾಗಿ ಕಡಿಮೆಯಾಗುತ್ತಿದ್ದವು.

ವರದಿಯಲ್ಲಿ ಓದಲೇಬೇಕಾದ ಇನ್ನೊಂದು ಕೋಷ್ಟಕ ಸಮೀಕರಣದ ವ್ಯಾಪ್ತಿಯದು. ಮ್ಯಾಸಚೂಸೆಟ್ಸ್ ಸಮೀಕರಣಗಳು 1.61ರಿಂದ 149 ಚದರ ಮೈಲಿಯ ಜಲಾನಯನಗಳಿಂದ ಕಟ್ಟಿದಂಥವು. ನಿಮ್ಮ ಹೊಳೆ ಅದರ ಹೊರಗಿದ್ದರೂ ಸೇವೆ ಉತ್ತರ ಕೊಡಲು ನಿರಾಕರಿಸುವುದಿಲ್ಲ. ಉತ್ತರ ಕೊಟ್ಟು, ಗುಣಗಳು ಸೂಚಿತ ವ್ಯಾಪ್ತಿಯ ಹೊರಗಿವೆ, ಅಂದಾಜಿನ ದೋಷ ಎಷ್ಟೆಂದು ತಿಳಿದಿಲ್ಲ ಎಂಬ ಎಚ್ಚರಿಕೆಯನ್ನು ಕೆಳಗೆ ಸೇರಿಸುತ್ತದೆ. ರಾಜ್ಯದ ಆಗ್ನೇಯ ಕರಾವಳಿಯ ಕೇಪ್ ಕಾಡ್ ಮತ್ತು ಅದರಾಚೆಯ ದ್ವೀಪಗಳು, ಬಜರ್ಡ್ಸ್ ಬೇಯ ಪೂರ್ವಭಾಗ, ದಕ್ಷಿಣ ಕರಾವಳಿಯ ಒಂದು ಭಾಗ, ಇಲ್ಲಿಗೆ ಈ ಸಮೀಕರಣಗಳು ಅನ್ವಯಿಸುವುದೇ ಇಲ್ಲ. ಅಲ್ಲಿ ನೆಲವೆಲ್ಲ ಮರಳು. ಮೇಲ್ಮೈಯ ದಿಣ್ಣೆ ತೋರಿಸುವ ಗಡಿ ಒಂದಾದರೆ ಅಂತರ್ಜಲ ಹಂಚಿಹೋಗುವ ಗಡಿ ಇನ್ನೊಂದು. ಸೇವೆ ಅಷ್ಟು ಚೆಂದವಾಗಿ ಎಳೆದುಕೊಡುವ ಜಲಾನಯನದ ಗೆರೆ ಅಲ್ಲಿ ಭೂಮಿಯ ಮೇಲಿನ ಸತ್ಯವನ್ನು ಮಾತ್ರ ಹೇಳುತ್ತದೆ, ಮತ್ತು ಕನಿಷ್ಠ ಹರಿವಿಗೆ ಬೇಕಾದದ್ದು ಭೂಮಿಯ ಕೆಳಗಿನದು.

ವ್ಯಾಪ್ತಿಯ ಈ ಮಾತು ಬರಿಯ ಶಾಸ್ತ್ರಚರ್ಚೆಯಲ್ಲ ಎಂಬುದಕ್ಕೆ ಅದೇ ರಾಜ್ಯದ ಕಾನೂನಿನಲ್ಲಿ ಒಳ್ಳೆಯ ಸಾಕ್ಷ್ಯವಿದೆ. 1996ರ ನದಿ ಸಂರಕ್ಷಣಾ ಕಾಯಿದೆಯ ಪ್ರಕಾರ ವರ್ಷವಿಡೀ ಹರಿಯುವ ಹೊಳೆಯ ಎರಡೂ ಬದಿಗೆ ಸಾಮಾನ್ಯವಾಗಿ 200 ಅಡಿ ಅಗಲದ ಪಟ್ಟಿ ಸಂರಕ್ಷಿತ; ಆಗಾಗ ಬತ್ತುವ ಹಳ್ಳಕ್ಕೆ ಆ ಪಟ್ಟಿಯಿಲ್ಲ. ನಕ್ಷೆಯಲ್ಲಿ ವರ್ಷವಿಡೀ ಹರಿಯುವುದೆಂದು ಗುರುತಾಗಿರದ ಹೊಳೆಯ ವಿಷಯದಲ್ಲಿ, ಜಲಾನಯನ 1 ಚದರ ಮೈಲಿ ಅಥವಾ ಹೆಚ್ಚಿದ್ದರೆ ಅದು ವರ್ಷವಿಡೀ ಹರಿಯುವುದೆಂದು ನಿಯಮ ಭಾವಿಸಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಿದ್ದು ಅರ್ಧ ಚದರ ಮೈಲಿಗಾದರೂ ಮುಟ್ಟಿದ್ದರೆ, ನಿಯಮ ಸ್ಟ್ರೀಮ್‌ಸ್ಟ್ಯಾಟ್ಸ್ ವಿಧಾನವನ್ನೇ ಹೆಸರಿಸಿ, ನೂರರಲ್ಲಿ ತೊಂಬತ್ತೊಂಬತ್ತು ದಿನ ಮೀರುವ ಹರಿವು 0.01 ಕ್ಯೂಸೆಕ್ ಅಥವಾ ಹೆಚ್ಚು ಎಂದು ಅದು ಹೇಳಿದರೆ ಹೊಳೆ ವರ್ಷವಿಡೀ ಹರಿಯುವುದು ಎನ್ನುತ್ತದೆ. 0.01 ಕ್ಯೂಸೆಕ್ ಎಂದರೆ ಒಂದು ಲೀಟರ್ ಬಾಟಲಿ ಮೂರೂವರೆ ಸೆಕೆಂಡಿನಲ್ಲಿ ತುಂಬುವಷ್ಟು ಧಾರೆ. ಈಗ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಿ: ನಿಯಮ ಈ ಸೇವೆಯನ್ನು ಕೇಳುವುದು ಅರ್ಧದಿಂದ ಒಂದು ಚದರ ಮೈಲಿಯ ಹೊಳೆಗಳ ಬಗ್ಗೆ, ಸಮೀಕರಣ ಮಾತಾಡಬಲ್ಲದ್ದು 1.61 ಚದರ ಮೈಲಿಯಿಂದ ಮೇಲೆ. ಒಬ್ಬರ ಮನೆಯ ಹಿತ್ತಲಿನ 200 ಅಡಿ ನೆಲದ ಹಣೆಬರಹ ನಿರ್ಧಾರವಾಗುವುದು ಸಮೀಕರಣ ತನ್ನ ಅನುಭವದ ಆಚೆಗೆ ಕೈಚಾಚಿ ತಂದ ಅಂಕಿಯ ಮೇಲೆ.

ಇದರಲ್ಲಿ ಸೇವೆಯ ತಪ್ಪಿಲ್ಲ, ಅದು ಎಚ್ಚರಿಕೆಯನ್ನು ಮುದ್ರಿಸಿಯೇ ಕೊಡುತ್ತದೆ. ಅಷ್ಟೇ ಅಲ್ಲ, ಮುಂದೆ 2006ರಲ್ಲಿ ಯುಎಸ್‌ಜಿಎಸ್ 2 ಚದರ ಮೈಲಿಗಿಂತ ಕಿರಿದಾದ ಜಲಾನಯನಗಳಿಗಾಗಿಯೇ ಬೇರೊಂದು ಸಮೀಕರಣವನ್ನು ಪ್ರಕಟಿಸಿತು. ಅದು ಹರಿವು ಎಷ್ಟು ಎಂದು ಹೇಳುವ ಬದಲು ಹೊಳೆ ವರ್ಷವಿಡೀ ಹರಿಯುವ ಸಂಭವನೀಯತೆ ಎಷ್ಟು ಎಂದು ಹೇಳುತ್ತದೆ. ವಿಸ್ತೀರ್ಣ, ಮರಳು-ಜಲ್ಲಿಯ ಶೇಕಡಾವಾರು, ಕಾಡಿನ ಶೇಕಡಾವಾರು ಮತ್ತು ಪ್ರದೇಶ, ಇವೇ ಅದರ ಆಧಾರ. ಸಣ್ಣ ಹಳ್ಳದ ಬಗ್ಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ, ಮತ್ತು ಸ್ಟ್ರೀಮ್‌ಸ್ಟ್ಯಾಟ್ಸ್ ವರದಿಯಲ್ಲಿ ಈ ಉತ್ತರವನ್ನೂ ಪಡೆಯಬಹುದು. ವಿವಾದವಿರುವ ಕಡೆ ಎರಡನ್ನೂ ಮುದ್ರಿಸಿ ಇಟ್ಟುಕೊಳ್ಳುವುದು ಕ್ಷೇಮ. ಬರವಿಲ್ಲದ ಕಾಲದಲ್ಲಿ ಹೊಳೆ ಬತ್ತಿದ್ದನ್ನು ಕಣ್ಣಾರೆ ಕಂಡು ದಾಖಲಿಸಿದರೆ ಆ ಸಾಕ್ಷ್ಯಕ್ಕೂ ನಿಯಮದಲ್ಲಿ ಬೆಲೆಯಿದೆ ಎಂಬುದನ್ನು ಲೆಕ್ಕದ ಭರದಲ್ಲಿ ಅನೇಕರು ಮರೆಯುತ್ತಾರೆ.

ಇನ್ನೊಂದು ದೊಡ್ಡ ಷರತ್ತು: ಈ ಸಮೀಕರಣಗಳು ಹೇಳುವುದು ಮನುಷ್ಯ ಕೈ ಹಾಕದ ಹೊಳೆಯ ಹರಿವನ್ನು. ಅಣೆಕಟ್ಟು ಇಲ್ಲದ, ನೀರೆತ್ತದ, ಬೇರೆ ಕಡೆಯ ನೀರು ಬಂದು ಸೇರದ ಜಲಾನಯನಗಳ ದಾಖಲೆಯಿಂದ ಕಟ್ಟಿದ ಲೆಕ್ಕವದು. ಬೋಸ್ಟನ್‌ನ ಉತ್ತರಕ್ಕಿರುವ ಇಪ್ಸ್‌ವಿಚ್ ನದಿಯ ಮೇಲ್ಭಾಗದ ಕೆಲವು ಹರವುಗಳು 1990ರ ದಶಕದ ಬೇಸಿಗೆಗಳಲ್ಲಿ ಪೂರ್ತಿ ಬತ್ತಿದವು. ದಡದ ಊರುಗಳು ತಮ್ಮ ಬಾವಿಗಳಿಂದ ನೀರೆತ್ತುತ್ತಿದ್ದುದು ಅದಕ್ಕೆ ಮುಖ್ಯ ಕಾರಣವೆಂದು ಅಧ್ಯಯನಗಳು ತೋರಿಸಿದವು. ಅಂಥ ನದಿಯ ಮೇಲೆ ಒತ್ತಿದರೂ ಸಮೀಕರಣ ತಣ್ಣಗೆ ಒಂದು ಸಂಖ್ಯೆಯನ್ನು ಕೊಡುತ್ತದೆ, ಬಾವಿಗಳು ಇಲ್ಲದೇ ಹೋಗಿದ್ದರೆ ಇರಬಹುದಾಗಿದ್ದ ಹರಿವನ್ನು. ಆ ಸಂಖ್ಯೆಗೆ ತನ್ನದೇ ಉಪಯೋಗವಿದೆ; ನಷ್ಟ ಎಷ್ಟಾಯಿತೆಂದು ಅಳೆಯಲು ಅದು ಬೇಕು. ಆದರೆ ಇಂದು ನದಿಯಲ್ಲಿರುವ ನೀರು ಅದಲ್ಲ.

ಬೇರೆ ರಾಜ್ಯಗಳಿಗೆ ಹೋದರೆ ಕಥೆ ಬೇರೆಯಾಗುತ್ತದೆ. ಕೆಲವು ರಾಜ್ಯಗಳಿಗೆ ಈ ಸೇವೆಯಲ್ಲಿ ಕನಿಷ್ಠ ಹರಿವಿನ ಸಮೀಕರಣಗಳೇ ಇಲ್ಲ. ಪ್ರವಾಹದ ಲೆಕ್ಕ ಸಿಕ್ಕಿತೆಂದು ಇದೂ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ಪೆನ್ಸಿಲ್ವೇನಿಯಾದ 2006ರ ಸಮೀಕರಣಗಳು ರಾಜ್ಯವನ್ನು ಐದು ಪ್ರದೇಶಗಳಾಗಿ ಒಡೆದು, ಸುಣ್ಣಕಲ್ಲಿನ ಪಾಲು, ಮಣ್ಣಿನ ಆಳ, ಮಳೆಯಂಥ ಗುಣಗಳನ್ನು ಪ್ರದೇಶಕ್ಕೆ ತಕ್ಕಂತೆ ಬಳಸುತ್ತವೆ. ಸುಣ್ಣಕಲ್ಲಿನ ಬಿರುಕುಗಳ ಮೂಲಕ ನೀರು ಒಂದು ಕಣಿವೆಯಲ್ಲಿ ಮುಳುಗಿ ಇನ್ನೊಂದರಲ್ಲಿ ಏಳುವ ನಾಡಿಗೆ ಅದು ಸಹಜ. ಅಯೋವಾದಲ್ಲಿ ಸಮಸ್ಯೆ ಇನ್ನೊಂದು: ಅನೇಕ ಹೊಳೆಗಳ 7ಕ್ಯೂ10 ಸೊನ್ನೆಯೇ ಆಗಿರುತ್ತದೆ, ಮತ್ತು ಸೊನ್ನೆ ಲಾಗರಿದಮ್ ಸಮೀಕರಣದ ಬಾಯಿಗೆ ಹೋಗದ ತುತ್ತು. 2012ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ಮೊದಲು ಹೊಳೆ ಬತ್ತುವ ಸಂಭವನೀಯತೆಯನ್ನು ಲಾಜಿಸ್ಟಿಕ್ ಸಮೀಕರಣದಿಂದ ತೆಗೆಯುವ ದಾರಿಯನ್ನೂ ಒದಗಿಸಿತು. ಇಷ್ಟೊಂದು ಭಿನ್ನವಾದ ಕಸುಬುಗಾರಿಕೆಗಳು ಒಂದೇ ಬಗೆಯ ಒತ್ತುಗುಂಡಿ, ಒಂದೇ ಬಗೆಯ ವರದಿಯ ಹಿಂದೆ ಅಡಗಿರುವುದು ಬಳಕೆದಾರನಿಗೆ ಅನುಕೂಲ, ಮತ್ತು ಅದೇ ಅಪಾಯವೂ ಹೌದು. ರಾಜ್ಯದ ಗಡಿ ದಾಟುವ ಹೊಳೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ: ಗಡಿಯ ಈಚೆಗೆ ಒಂದು ಸಮೀಕರಣ, ಆಚೆಗೆ ಇನ್ನೊಂದು, ನೀರು ಮಾತ್ರ ಒಂದೇ. ಕೆಲವು ರಾಜ್ಯಗಳ ವರದಿಯಲ್ಲಿ ಮೇಲ್ಮಿತಿ-ಕೆಳಮಿತಿಗಳೂ ಇರುವುದಿಲ್ಲ, ಆಗ ಮೂಲ ಅಧ್ಯಯನದ ಹೊತ್ತಗೆಯನ್ನು ತೆರೆಯದೆ ಗತಿಯಿಲ್ಲ.

ಸಮೀಕರಣದ ವಯಸ್ಸನ್ನೂ ನೋಡಬೇಕು. ಮ್ಯಾಸಚೂಸೆಟ್ಸ್‌ನದು 2000ದ್ದಾದ್ದರಿಂದ, ಆ ರಾಜ್ಯ ಕಂಡ ಅತಿ ಕಠಿಣವಾದ 1960ರ ದಶಕದ ಬರ ಹಳೆಯ ಕೇಂದ್ರಗಳ ದಾಖಲೆಗಳ ಮೂಲಕ ಅದರೊಳಗೆ ಸೇರಿಕೊಂಡಿದೆ. 2016 ಮತ್ತು 2022ರ ಬರಗಳು ಸೇರಿಲ್ಲ. ಇದರಿಂದ ಅಂದಾಜು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಹೊಳೆಯಿಂದ ಹೊಳೆಗೆ ನೋಡಬೇಕೇ ಹೊರತು ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದು. ಪರದೆಯ ಮೇಲಿನ ನಕ್ಷೆ ಹೊಸದಾಗಿ ಹೊಳೆಯುತ್ತಿರುವುದರಿಂದ ಒಳಗಿನ ಲೆಕ್ಕವೂ ಈ ವರ್ಷದ್ದೆಂಬ ಭಾವನೆ ಮೂಡುತ್ತದೆ, ಅಷ್ಟನ್ನು ತಡೆದುಕೊಳ್ಳಬೇಕು.

ಪರ್ಯಾಯಗಳೇನು? ಅದೇ ಹೊಳೆಯ ಮೇಲೆ ಅಥವಾ ಒಂದೇ ರೀತಿಯ ನೆಲವಿರುವ ಪಕ್ಕದ ಹೊಳೆಯ ಮೇಲೆ ಮಾಪನ ಕೇಂದ್ರವಿದ್ದರೆ, ಅದರ ಕನಿಷ್ಠ ಹರಿವನ್ನು ವಿಸ್ತೀರ್ಣಗಳ ಅನುಪಾತದಿಂದ ಗುಣಿಸುವುದು ಅತಿ ಹಳೆಯ ವಿಧಾನ. ಎರಡು ವಿಸ್ತೀರ್ಣಗಳ ಅನುಪಾತ 0.3ರಿಂದ 1.5ರ ನಡುವೆ ಇದ್ದರೆ ಅದು ರಿಗ್ರೆಷನ್‌ಗೆ ಸಮ ಅಥವಾ ಮಿಗಿಲು ಎಂದು ಮ್ಯಾಸಚೂಸೆಟ್ಸ್‌ನ ಅದೇ 2000ದ ಅಧ್ಯಯನ ಕಂಡುಕೊಂಡಿತು. ಸ್ಟ್ರೀಮ್‌ಸ್ಟ್ಯಾಟ್ಸ್ ನಕ್ಷೆಯ ಮೇಲೆಯೇ ಹತ್ತಿರದ ಕೇಂದ್ರಗಳು ಕಾಣುವುದರಿಂದ ಈ ಹೋಲಿಕೆಗೆ ಐದು ನಿಮಿಷ ಸಾಕು. ಮಾಡದೆ ಬಿಡುವುದಕ್ಕೆ ನೆಪವಿಲ್ಲ. ದಿನದಿನದ ಹರಿವು ಬೇಕೆಂದರೆ ಆ ರಾಜ್ಯಕ್ಕಾಗಿಯೇ 2010ರಲ್ಲಿ ಯುಎಸ್‌ಜಿಎಸ್ ಹೊರತಂದ ಸಸ್ಟೇನಬಲ್ ಯೀಲ್ಡ್ ಎಸ್ಟಿಮೇಟರ್ ಇದೆ; ಅದು 1960ರ ಅಕ್ಟೋಬರಿನಿಂದ 2004ರ ಸೆಪ್ಟೆಂಬರಿನವರೆಗೆ ಅಳತೆಯಿಲ್ಲದ ಹೊಳೆಯ ಸಹಜ ಹರಿವನ್ನು ದಿನಕ್ಕೊಂದರಂತೆ ಕಟ್ಟಿಕೊಡುತ್ತದೆ. ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ಲೋಫ್ಲೋಸ್ ಎಂಬ ತಂತ್ರಾಂಶ ಬಹುಕಾಲ ಮಾಡಿಕೊಂಡು ಬಂದಿತು. ಅಲ್ಲಿನವರ ಮುಖ್ಯ ಅಂಕಿ 7ಕ್ಯೂ10 ಅಲ್ಲ, ನೂರರಲ್ಲಿ ತೊಂಬತ್ತೈದು ದಿನ ಮೀರುವ ಕ್ಯೂ95. 1992ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ಮಣ್ಣಿನ 29 ವರ್ಗಗಳನ್ನು 12 ಗುಂಪುಗಳಿಗೆ ಇಳಿಸಿ, ಪ್ರತಿ ಗುಂಪಿಗೂ ಒಂದು ಕನಿಷ್ಠ ಹರಿವಿನ ಅಂಕಿ ಕೊಟ್ಟಿತು. ನೆಲದ ಕೆಳಗಿನದನ್ನು ಕೇಳದೆ ಕನಿಷ್ಠ ಹರಿವು ಸಿಗದು ಎಂಬಲ್ಲಿ ಎರಡೂ ದೇಶಗಳವರು ಒಂದೇ ಕಡೆ ಬಂದು ನಿಂತಿದ್ದಾರೆ.

ಇವೆಲ್ಲಕ್ಕಿಂತ ಮೇಲಿನ ಪರ್ಯಾಯ ಬೂಟು ತೊಟ್ಟು ಹೊಳೆಗೆ ಇಳಿಯುವುದು. ಮಳೆಯಿಲ್ಲದ ದಿನಗಳಲ್ಲಿ, ಬೇರೆ ಬೇರೆ ಒಣ ಅವಧಿಗಳಲ್ಲಿ ಹರಡಿಕೊಂಡು ಹತ್ತರಷ್ಟು ಅಳತೆ ತೆಗೆದು, ಅದೇ ದಿನಗಳಲ್ಲಿ ಹತ್ತಿರದ ಕಾಯಂ ಕೇಂದ್ರ ತೋರಿಸಿದ ಹರಿವಿನೊಂದಿಗೆ ಸಂಬಂಧ ಕಟ್ಟಿದರೆ, ಆ ಕೇಂದ್ರದ ದೀರ್ಘ ದಾಖಲೆಯನ್ನು ನಿಮ್ಮ ಹೊಳೆಗೆ ಎರವಲು ಪಡೆದಂತಾಗುತ್ತದೆ. ಸಾಮಾನ್ಯ ರಿಗ್ರೆಷನ್ ಗೆರೆ ಏರಿಳಿತಗಳನ್ನು ಚಪ್ಪಟೆ ಮಾಡಿ ತೀರಾ ಕಡಿಮೆ ಹರಿವುಗಳನ್ನು ಹೆಚ್ಚಾಗಿ ತೋರಿಸುವುದರಿಂದ, 1982ರಲ್ಲಿ ಯುಎಸ್‌ಜಿಎಸ್‌ನ ಜಲವಿಜ್ಞಾನಿ ರಾಬರ್ಟ್ ಹರ್ಷ್ ಮಂಡಿಸಿದ, ಏರಿಳಿತವನ್ನು ಹಾಗೆಯೇ ಉಳಿಸಿಕೊಳ್ಳುವ ಗೆರೆಯನ್ನು ಈ ಕೆಲಸಕ್ಕೆ ಬಳಸುವುದು ರೂಢಿ. ಇದಕ್ಕೆ ಎರಡು ಮೂರು ಬೇಸಿಗೆ ಬೇಕು, ಸ್ಟ್ರೀಮ್‌ಸ್ಟ್ಯಾಟ್ಸ್‌ಗೆ ಹತ್ತು ನಿಮಿಷ. ಪರವಾನಗಿಯ ಗಡುವು ಮುಂದಿನ ತಿಂಗಳು ಎನ್ನುವಾಗ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾಗಿಲ್ಲ. ಆದರೆ ಯೋಜನೆಯ ಮಾತು ಶುರುವಾದ ಬೇಸಿಗೆಯಲ್ಲೇ ಮೊದಲ ಅಳತೆ ತೆಗೆದಿಟ್ಟರೆ ಗಡುವಿನ ಹೊತ್ತಿಗೆ ಒಂದಿಷ್ಟಾದರೂ ಕೈಯಲ್ಲಿರುತ್ತದೆ. ಸೇವೆಯ ಮಿತಿಗಳು ಎಷ್ಟು ಅಗಲವಾಗಿವೆಯೆಂದರೆ ನಾಲ್ಕು ಒಳ್ಳೆಯ ಅಳತೆಗಳೂ ಅದರಲ್ಲಿ ಅರ್ಧ ಭಾಗವನ್ನು ಅಸಂಭವವೆಂದು ತೋರಿಸಬಲ್ಲವು.

ಒಟ್ಟಿನಲ್ಲಿ, ಮರಳು-ಜಲ್ಲಿಯೂ ಗುಡ್ಡದ ಮಣ್ಣೂ ಬೆರೆತಿರುವ, ಹತ್ತಿಪ್ಪತ್ತು ಚದರ ಮೈಲಿಯ, ಅಣೆಕಟ್ಟು ಬಾವಿಗಳಿಲ್ಲದ ಮ್ಯಾಸಚೂಸೆಟ್ಸ್ ಹೊಳೆಗೆ ನಾನು ಮೊದಲು ತೆರೆಯುವುದು ಸ್ಟ್ರೀಮ್‌ಸ್ಟ್ಯಾಟ್ಸ್ ಅನ್ನೇ, ಮತ್ತು ಅದರ ಕೆಳಮಿತಿಯನ್ನು ನಡುವಿನ ಅಂಕಿಯಷ್ಟೇ ಗಂಭೀರವಾಗಿ ವರದಿಗೆ ಸೇರಿಸುತ್ತೇನೆ. ಒಂದು ಚದರ ಮೈಲಿಗಿಂತ ಕಿರಿದಾದ ಹಳ್ಳಕ್ಕೆ ಸಂಭವನೀಯತೆಯ ಲೆಕ್ಕವನ್ನು ಮಾತ್ರ ತೆಗೆದುಕೊಂಡು ಸೆಪ್ಟೆಂಬರಿನಲ್ಲಿ ಸ್ಥಳಕ್ಕೆ ಹೋಗುತ್ತೇನೆ. ಕೇಪ್ ಕಾಡ್‌ನ ಹೊಳೆಗಾದರೆ ಜಲಾನಯನದ ಗೆರೆಯನ್ನೂ ಅದರಿಂದ ಎಳೆಸುವುದಿಲ್ಲ.